ಸುಗಲಾಬಾಯಿಯ ಸಂಜೆಯ ಔಷಧ

ಬ್ರಿಟಿಷರು ಹೇರಿದ್ದ ಮಾರ್ಷಲ್ ಲಾ ತೆಗೆದ ಮರುವರ್ಷ ಸೋಲಾಪುರದಲ್ಲಿ ಮಲೇರಿಯಾ ಜೋರಾಗಿತ್ತು. ಸುಗಲಾಬಾಯಿ ಇಪ್ಪತ್ತೆರಡು ದಿನ ಹಾಸಿಗೆ ಹಿಡಿದು ಎದ್ದಳು. ಆಗ ಆಕೆಗೆ ನಲವತ್ತಾರು. ಗಂಡ ಸಾತಲಿಂಗಪ್ಪ ವಕೀಲರೊಬ್ಬರ ಹತ್ತಿರ ಕಾರಕೂನ. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಜ್ವರ ಬಿಟ್ಟರೂ ಮೈಯಲ್ಲಿ ಕಸುವಿಲ್ಲ, ನಿದ್ದೆ ಹತ್ತುವುದಿಲ್ಲ. ಡಾಕ್ಟರು ಒಂದು ಟಾನಿಕ್ ಬರೆದುಕೊಟ್ಟರು. ಕೆಂಪು ಬಣ್ಣ, ಸಿಹಿ, ಕೊನೆಗೆ ಒಂದಿಷ್ಟು ಒಗರು. ಸಂಜೆಗೆ ಎರಡು ಚಮಚ.

ಎರಡು ಚಮಚಕ್ಕೆ ಮೈ ಬೆಚ್ಚಗಾಯಿತು. ನಾಲ್ಕಕ್ಕೆ ಕಾಲಿನ ಸೆಳೆತ ಹೋಯಿತು. ದೀಪಾವಳಿ ಹೊತ್ತಿಗೆ ಆಕೆ ಚಮಚ ಬಿಟ್ಟು ವಾಟಿಯಲ್ಲೇ, ಅಡುಗೆಮನೆಯ ಸಣ್ಣ ಬಟ್ಟಲಿನಲ್ಲೇ, ಕುಡಿಯತೊಡಗಿದ್ದಳು. ಸೀಸೆ ತೀರಿದರೆ ಗಂಡ ಪೇಟೆಯಿಂದ ಇನ್ನೊಂದು ತರುತ್ತಿದ್ದ. ಲಿಂಗಪೂಜೆ, ಊಟ ಮುಗಿಸಿ, ವಾಟಿ ಖಾಲಿ ಮಾಡಿ ಪಡಸಾಲೆಯಲ್ಲಿ ಗಂಡನೆದುರು ಕೂತರೆ ಮಾತು ತಾನಾಗಿ ಬರುತ್ತಿತ್ತು. ಕುಂಭಾರಿಯ ತವರುಮನೆ, ಜೋಳದ ಹೊಲ, ಅಪ್ಪ ಹಕ್ಕಿ ಓಡಿಸಲು ಹೋಗಿ ಕವಣೆಕಲ್ಲನ್ನು ಗೌಡನ ತಲೆಯ ಪಟಗಕ್ಕೆ ಬಡಿಸಿದ್ದು. ಹೇಳುತ್ತ ತಾನೇ ನಗುವಳು. ತಲೆ ಇಟ್ಟದ್ದೇ ತಡ, ನಿದ್ದೆ.

ತೊಡಕೆಲ್ಲ ಅದರ ಮುಂದೆ. ಎರಡು ಗಂಟೆಗೋ ಎರಡೂವರೆಗೋ ಫಕ್ಕನೆ ಎಚ್ಚರವಾಗುತ್ತಿತ್ತು. ಎದೆ ಡವಡವ, ಬಾಯಿ ಒಣ, ಕುತ್ತಿಗೆ ತುಂಬ ಬೆವರು. ಬೆಳಗಿನ ಪಾಳಿಗೆ ಗಿರಣಿಯ ಭೋಂಗಾ ಕೂಗುವ ತನಕ ಹೊರಳಾಡುವುದೇ. ಹಗಲೆಲ್ಲ ತಲೆಯೊಳಗೆ ಹತ್ತಿ ತುರುಕಿದಂತೆ. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದು.

ಬದನೆಕಾಯಿ ನಂಜೆಂದು ಬಿಟ್ಟಳು. ಹಾಸಿಗೆಯ ದಿಕ್ಕು ಬದಲಿಸಿದಳು. ಪಕ್ಕದ ಮನೆಯ ಮುಕ್ತಾಬಾಯಿ, "ಮುಟ್ಟು ನಿಲ್ಲೂ ವಯಸ್ಸಿನ್ಯಾಗ ಎಲ್ಲಾರಿಗೂ ಹಿಂಗs ಆಗತದ ತಗೋ" ಅಂದಳು. ಅದೂ ಖರೆ ಅನಿಸಿತು. ಔಷಧ ಸಾಲದೇನೋ ಎಂದು ಇನ್ನರ್ಧ ವಾಟಿ ಹೆಚ್ಚಿಸಿದಳು. ಎಚ್ಚರ ಇನ್ನೂ ಮೊದಲೇ ಆಗತೊಡಗಿತು.

ಆಗ ಅಕ್ಕಲಕೋಟದಿಂದ ತಂಗಿ ಗಂಗುಬಾಯಿಯ ಕರೆ ಬಂತು, ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ. ಗಡಿಬಿಡಿಯಲ್ಲಿ ಸೀಸೆ ಸೋಲಾಪುರದಲ್ಲೇ ಉಳಿಯಿತು. ಮೊದಲೆರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೆಯದರಿಂದ ಒಂದೇ ನಿದ್ದೆಗೆ ಬೆಳಗಾಯಿತು. ಅಲ್ಲಿದ್ದಷ್ಟು ದಿನ ಆ ಊರಿನ ಹೆಸರಾಂತ ಸ್ವಾಮಿಯ ಗುಡಿಯ ಆಲದಮರಕ್ಕೆ ದಿನಾ ಪ್ರದಕ್ಷಿಣೆ ಹಾಕಿದ್ದಳು. ಸ್ವಾಮಿ ಕಣ್ಣು ತೆರೆದ ಎಂದುಕೊಂಡಳು. ಊರಿಗೆ ಬಂದಳು, ನಿದ್ದೆ ಹೋಯಿತು. ಸಂಕ್ರಾಂತಿಗೆ ಮತ್ತೆ ಅಕ್ಕಲಕೋಟಕ್ಕೆ ಹೋದಾಗ ಟಾಂಗಾದ ಕುಲುಕಾಟಕ್ಕೆ ಒಡೆದೀತೆಂದು ಸೀಸೆ ಒಯ್ಯಲಿಲ್ಲ. ಮತ್ತೆ ಚೆನ್ನಾಗಿ ನಿದ್ದೆ ಬಂತು.

ಮೂರನೆಯ ಸಲ ಸ್ವಾಮಿಯೂ ಇರಲಿ ಔಷಧವೂ ಇರಲಿ ಎಂದು ಸೀಸೆಯನ್ನು ಸೀರೆಯಲ್ಲಿ ಸುತ್ತಿ ಒಯ್ದಳು. ಸ್ವಾಮಿಯ ಊರಿನಲ್ಲೇ ನಿದ್ದೆ ಕೆಟ್ಟಿತು. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟಳು.

"ಸ್ವಾಮಿ ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾನ ಗಂಗು? ಏನ ತಪ್ಪ ಮಾಡೀನಿ?"

ಗಂಗುಬಾಯಿ ಕೈಗೆ ಸಿಕ್ಕ ವಾಟಿ ತೊಳೆಯಲು ಎತ್ತಿಕೊಂಡವಳು ಮೂಸಿ ನೋಡಿದಳು. ಮತ್ತೊಮ್ಮೆ ಮೂಸಿದಳು. "ಅಕ್ಕಾ, ನಮ್ಮ ಮಾವ ಸಂಜೀಕ ಮನಿಗಿ ಬಂದ್ರ ಇದೇ ವಾಸನಿ ಬರತಿತ್ತ. ಇದು ದಾರೂ ಅದ."

ಸುಗಲಾಬಾಯಿ ವಾಟಿ ಕಸಿದುಕೊಂಡು ತಾನೂ ಮೂಸಿದಳು. ಹಿಂದಿನ ವರ್ಷ ದಾರೂ ಅಂಗಡಿ ಮುಂದೆ ಹೆಂಗಸರು ಧರಣಿ ಕೂತಾಗ ಆಕೆಯೂ ಮೂರು ದಿನ ಬಿಸಿಲಲ್ಲಿ ಕೂತಿದ್ದಳು.

ಮರುದಿನ ಸೋಲಾಪುರಕ್ಕೆ ಇಳಿದವಳು ಮನೆಗೂ ಹೋಗದೆ ದವಾಖಾನೆಗೆ ನಡೆದಳು. ಕಂಪೌಂಡರ್ ಕಾಮಣ್ಣ ಮುಚ್ಚಿಡಲಿಲ್ಲ.

"ದ್ರಾಕ್ಷಿ ವೈನ್ ರೀ ಅವ್ವಾರ. ಅಶಕ್ತರಿಗೆ ಕೊಡತಾರ. ಎರಡ ಚಮಚಕ್ಕ ಏನೂ ಆಗಾಂಗಿಲ್ಲ. ನೀವು ಎಷ್ಟ ತಗೋತೀರಿ?"

"ಒಂದೂವರಿ ವಾಟಿ."

ಕಾಮಣ್ಣ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟ. "ಅಷ್ಟ ತಗೊಂಡ್ರ ಮೊದಲ ಮಲಗಸ್ತದರಿ. ಅದರ ಅಮಲು ಇಳದ ಮ್ಯಾಲ ತಾನs ಎಬ್ಬಸ್ತದ. ವಯಸ್ಸಾದಂಗ ಅದು ಜಾಸ್ತಿ."

"ಹಂಗಾರ ಸ್ವಾಮಿ ಸಿಟ್ಟಾಗಿದ್ದಿಲ್ಲೇನು?" ಎಂದು ಆಕೆ ಕೇಳಿದಳು. ಕಾಮಣ್ಣನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಸಂಜೆ ಗಂಡನೆದುರು ಸೀಸೆ ಇಟ್ಟಳು. "ಇದು ಏನಂತ ನಿಮಗ ಗೊತ್ತಿತ್ತೇನ್ರಿ?"

ಸಾತಲಿಂಗಪ್ಪ ಸೀಸೆಯನ್ನು ಬದಿಗೆ ಸರಿಸಿದ. "ಡಾಕ್ಟರ ಚೀಟಿ ಓದಿದ್ನಿ."

"ಮತ್ತ ಹೇಳಲಿಲ್ಲ?"

"ಮಗಳ ಹೋದ ಮ್ಯಾಲ ಈ ಮನ್ಯಾಗ ಮಾತs ಇದ್ದಿಲ್ಲ. ಇದನ್ನ ಕುಡದ ದಿನ ನೀ ಕೂತು ನಗತಿದ್ದಿ. ಹೇಳಿದ್ರ ಬಿಡತಿದ್ದಿ."

ಆಕೆ ಸೀಸೆಯನ್ನು ಬಚ್ಚಲಿಗೆ ಸುರಿದು ಬಂದಳು.

ಐದಾರು ರಾತ್ರಿ ನರಕ. ಆಮೇಲೆ ನಿದ್ದೆ ತುಂಡುತುಂಡಾಗಿ ಬಂತು, ಯುಗಾದಿ ಹೊತ್ತಿಗೆ ಬಹುಪಾಲು ಇಡಿಯಾಗಿ ಬಂತು. ನಡುನಡುವೆ ಬೆವತು ಏಳುವುದು ಪೂರ್ತಿ ನಿಲ್ಲಲಿಲ್ಲ. ಅದರಲ್ಲಿ ವಯಸ್ಸಿನ ಪಾಲೆಷ್ಟು, ವೈನಿನ ಪಾಲೆಷ್ಟು, ಆಲದಮರದ ಪಾಲೆಷ್ಟು ಎಂಬುದು ಆಕೆಗೆ ಕೊನೆಗೂ ಬಗೆಹರಿಯಲಿಲ್ಲ.

ಸಂಜೆಗಳೇ ಕಷ್ಟವಾದವು. ಇಬ್ಬರೂ ಎದುರುಬದುರು ಕೂತು ಗೋಡೆ ನೋಡುತ್ತಿದ್ದರು. ಒಂದು ದಿನ, ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕಚೇರಿಯ ಸುದ್ದಿ ಮನೆಗೆ ತರದ ಸಾತಲಿಂಗಪ್ಪ ಗಂಟಲು ಸರಿಮಾಡಿಕೊಂಡು, "ಇವತ್ತ ಕೋರ್ಟಿನ್ಯಾಗ ಒಬ್ಬ ಸಾಕ್ಷಿ ಏನಂದ ಗೊತ್ತೇನು?" ಎಂದು ಶುರುಮಾಡಿದ. ಅವನಿಗೆ ಕತೆ ಹೇಳಲು ಬರುತ್ತಿರಲಿಲ್ಲ. ಸಾಕ್ಷಿಯ ಮಾತಿಗೆ ಮೊದಲೇ ಜಡ್ಜನ ಮಾತು ಹೇಳಿ, ಮತ್ತೆ ಹಿಂದಕ್ಕೆ ಬಂದು ಎಲ್ಲ ಕಲಸಿಬಿಟ್ಟ. ಸುಗಲಾಬಾಯಿ ಆಕಳಿಸುತ್ತ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಲಗು ಮುಗಸ್ರಿ," ಅಂದಳು, "ನಿದ್ದಿ ಬಂತು."