ಓಗೊಡದ ದಿನ

ಸುವಾನುವಾಳ ತವರು ಗುಡ್ಡದ ಆಚೆಗಿತ್ತು. ಅವಳು ಮದುವೆಯಾಗಿ ಬಂದಾಗ ಅದು ಬರೀ ಗುಡ್ಡ. ಬೆಳಿಗ್ಗೆ ಹೊರಟರೆ ಸಂಜೆಗೆ ಅವ್ವನ ಒಲೆ ಪಕ್ಕ ಕೂತು ಮರಗೆಣಸಿನ ಹುಳಿಗಂಜಿ ಕುಡಿಯಬಹುದಿತ್ತು. ಆಮೇಲೆ ಯಾರೋ ಪುಣ್ಯಾತ್ಮರು, ಈ ಕಾಡಿಗೆ ಒಂದು ದಿನವೂ ಕಾಲಿಡದವರು, ಗುಡ್ಡದ ನೆತ್ತಿಯ ಮೇಲೆ ಗೆರೆ ಎಳೆದು ಇತ್ತ ಎಕ್ವಡೋರ್, ಅತ್ತ ಪೆರು ಅಂದರು. ಅನ್ನಲಿ ಬಿಡಿ, ಗೆರೆ ಕಾಲಿಗೆ ತೊಡರುವುದಿಲ್ಲ. ಆದರೆ ಆ ಗೆರೆ ಎಲ್ಲಿದೆ ಅಂತ ಇಬ್ಬರಿಗೂ ಜಗಳ ಹತ್ತಿತು. ಕೋಣ ಕೋಣ ಕಾದಾಡಿದರೆ ಗಿಡಕ್ಕೆ ಮಿತ್ತು ಅಂತಾರಲ್ಲ, ಆ ಗಿಡ ನಾವು, ಈ ಕಾಡಿನ ಶುವಾರ್ ಜನ.

ಯುದ್ಧ ಮುಗಿಯಿತು, ದೊಡ್ಡವರು ಕೈಕುಲುಕಿದರು, ಪಟ ತೆಗೆಸಿಕೊಂಡರು. ಅದರ ಮಾರನೇ ಮಳೆಗಾಲ ಸುವಾನುವಾಳ ಗಂಡ ನಾಂತಿಪ್ ಕಾಡುಹಂದಿ ಬೆನ್ನಟ್ಟಿ ಮನೆ ಎದುರಿನ ಇಳಿಜಾರು ಹತ್ತಿದ. ನೆಲಬಾಂಬು ಅವನ ಎಡಗಾಲು ಕಿತ್ತಿತು. ಬಾಂಬು ಹೂತ ಜಾಗಗಳನ್ನು ಗುರುತಿಸಿ ನಮ್ಮವರು ಆಚೆ ದೇಶಕ್ಕೆ ಕೊಟ್ಟ ನಕಾಶೆಯಲ್ಲಿ ಆ ಇಳಿಜಾರಿನಲ್ಲಿ ಬಾಂಬೇ ಇರಲಿಲ್ಲ. ನಮ್ಮ ಕಡೆಯ ಯಾವುದೋ ಹೆದರಿದ ತುಕಡಿ ಆತುರದಲ್ಲಿ ಹೂತು, ಯಾರಿಗೂ ಹೇಳದೆ ಊರಿಗೆ ಹೋಗಿತ್ತು.

"ಶಾಂತಿ ಬಂತಲ್ಲ, ಅದಕ್ಕೆ ಓಡಾಡೋಕೆ ಒಂದು ಕಾಲು ಬೇಕಿತ್ತಂತೆ. ನಂದು ತಗೊಂಡು ಹೋಯ್ತು," ಅನ್ನುತ್ತಿದ್ದ ನಾಂತಿಪ್. ಕೇಳಿದವರು ನಗಬೇಕೋ ಬಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದರು.

ಗೆರೆಯ ಈಚೆ ಆಚೆಗಿದ್ದ ಎರಡೂ ಚೌಕಿಯ ಸೈನಿಕರಿಗೆ ಆಗ ಹೊಸ ಕಟ್ಟಲೆ ಬಂದಿತ್ತು. ಕಾಡಿನಲ್ಲಿ ಎದುರಾಗುವ ಮೊದಲೇ ದೂರದಿಂದ ಸೀಟಿ ಊದಬೇಕು, ಉತ್ತರ ಬರುವವರೆಗೆ ನಿಲ್ಲಬೇಕು, ಬಂದೂಕು ಬೆನ್ನಿಗಿರಬೇಕು. ದಿನಾ ಬೆಳಿಗ್ಗೆ ರೇಡಿಯೊದಲ್ಲಿ ಒಬ್ಬರ ಯೋಗಕ್ಷೇಮ ಇನ್ನೊಬ್ಬರು ಕೇಳಬೇಕು. ನಾಂತಿಪ್‌ಗೆ ಇದು ದೊಡ್ಡ ತಮಾಷೆ. "ನಮ್ಮಜ್ಜಂದಿರ ಬುದ್ಧೀನೇ ಕದ್ದು ಪುಸ್ತಕ ಮಾಡ್ಕೊಂಡವ್ರೆ ಕಣೇ!"

ಸುಳ್ಳೇನಲ್ಲ. ನಮ್ಮಲ್ಲಿ ನೆಂಟ ಸೀದಾ ಬಾಗಿಲಿಗೆ ಬರುವಂತಿಲ್ಲ. ದಾರಿಯ ತಿರುವಿನಲ್ಲಿ ನಿಂತು ಉದ್ದಕ್ಕೆ ಕೂಗಬೇಕು. ಮನೆಯವರು ಓಗೊಟ್ಟರೆ ಬಾ ಅಂತ. ಓಗೊಡದಿದ್ದರೆ ನಿನ್ನ ಮುಖ ಬೇಡ, ನಮಗೂ ನಿನಗೂ ತೀರಿತು ಅಂತ. ಕೂಗದೆ ಬರುವವನು ಕೊಲ್ಲುವುದಕ್ಕೇ ಬರುವವನು.

ಆ ವರ್ಷ ಉಪ್ಪು ಮಾರುವವನೊಬ್ಬ ಸುದ್ದಿ ತಂದ. "ನಿಮ್ಮವ್ವನ ಕಾಲು ಊದಿಕೊಂಡಿದೆ ಕಣಮ್ಮ. ನಿನ್ನ ಹೆಸರೇ ಬಡಬಡಿಸ್ತಾಳೆ. ಬೇಗ ಹೋಗು."

ಹೋಗುವುದು ಹೇಗೆ? ಇಳಿಜಾರಿನಲ್ಲಿ ಸಾವು ಕೂತಿತ್ತು. ನದಿ ಸುತ್ತಿ ಹೋಗೋಣವೆಂದರೆ ಚೌಕಿಯ ರಹದಾರಿ ಬೇಕು. ಸುವಾನುವಾ ಕೇಳಿಕೊಂಡಳು, ಕಾಡಿದಳು. ರಹದಾರಿ ಇವತ್ತು ಬರುತ್ತೆ, ನಾಳೆ ಬರುತ್ತೆ. ಅವ್ವ ಕಣ್ಣು ಮುಚ್ಚುವುದರೊಳಗೆ ಅವಳ ಮುಖ ಒಮ್ಮೆ ನೋಡಿದರೆ ಸಾಕು ಅಂತ ಅವಳ ಜೀವ ಒಂದೇ ಸಮ ತುಡಿಯುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಆಚೆ ನೆತ್ತಿಯ ತಿರುವಿನಿಂದ ಕೂಗು ಕೇಳಿತು. ಅದು ಅಣ್ಣ ಅಂಕುವಾಶ್‌ನ ದನಿ. ಆಚೆ ಮಗ್ಗುಲಿನ ಬಾಂಬುಗಳನ್ನು ತೆಗೆದು, ದಾರಿ ತೆರೆದಿದೆ ಅಂತ ಆಚೆ ಚೌಕಿಯವರು ಅಲ್ಲಿನ ಜನಕ್ಕೆ ಹೇಳಿದ್ದರು. ಈಚೆ ಇಳಿಜಾರಿನ ಬಾಂಬಿನ ಸುದ್ದಿ ಆ ಚೌಕಿಯವರಿಗೇ ಗೊತ್ತಿರಲಿಲ್ಲ. ಅಣ್ಣ ತಂಗಿಯನ್ನು ಕರೆದೊಯ್ಯಲು ಬಂದಿದ್ದ.

ನಡುವೆ ಕೊರಕಲು, ಅದರ ತಳದಲ್ಲಿ ಭೋರ್ಗರೆಯುವ ಹೊಳೆ. ಮರಗಳ ಮರೆಯಲ್ಲಿ ಕೈಸನ್ನೆ ಕಾಣುವುದಿಲ್ಲ, ಆ ಸದ್ದಿನಲ್ಲಿ ಮಾತು ದಾಟುವುದಿಲ್ಲ, ಉದ್ದನೆಯ ಕೂಗು ಮಾತ್ರ ದಾಟುತ್ತದೆ. ಬರಬೇಡ ಅಂತ ಕಿರುಚಿದರೂ ಅವನ ಕಿವಿಗೆ ಅದು ಬಾ ಅಂತಲೇ. ಅವನು ಇಳಿಯುತ್ತಾನೆ.

"ಬಾಯಿ ಬಿಡಬೇಡ," ಅಂದ ನಾಂತಿಪ್, ಮೊಂಡುಗಾಲು ಹಿಡಿದುಕೊಂಡು.

"ಒಲೆ ಹೊಗೆ ಕಾಣ್ತಿದೆ ಕಣೋ ಅವನಿಗೆ. ಮನೇಲಿದ್ದೂ ಸುಮ್ನಿದಾಳೆ ಅಂದ್ಕೋತಾನೆ."

"ಅಂದ್ಕೊಳ್ಳಲಿ. ಬದುಕಿದ್ದು ಅಂದ್ಕೊಳ್ಳಲಿ."

ಅಂಕುವಾಶ್ ಮತ್ತೆ ಕೂಗಿದ. ಮತ್ತೆ ಮತ್ತೆ ಕೂಗಿದ. ಸುವಾನುವಾ ಉಟ್ಟ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಹಣೆ ಒತ್ತಿ ಕೂತಳು. ಹೊತ್ತು ಬಾಗಿದ ಮೇಲೆ ಕೂಗು ನಿಂತಿತು. ಎಲ್ಲಿ ಇಳಿದು ಬಂದನೋ ಅಂತ ಅವಳು ಸ್ಫೋಟದ ಸದ್ದಿಗೆ ಕಾದಳು. ಬರಲಿಲ್ಲ. ಅಣ್ಣ ವಾಪಸು ಹೋಗಿದ್ದ.

ಅವಳು ಆಗಲೇ ಚೌಕಿಗೆ ಓಡಿದಳು. ಹವಾಲ್ದಾರ ಪಿಲ್ಕೊ ಕೆಟ್ಟವನಲ್ಲ, ಹೆದರುಪುಕ್ಕಲ.

"ನಾಳೆ ರೇಡಿಯೊದಲ್ಲಿ ಆ ಕಡೆಯವರಿಗೆ ಹೇಳಿ ಸಾಮಿ. ಇಲ್ಲಿ ಬಾಂಬಿದೆ, ಅದಕ್ಕೇ ತಂಗಿ ಓಗೊಡಲಿಲ್ಲ, ಅಣ್ಣ ಬರೋದು ಬೇಡ ಅಂತ."

ಪಿಲ್ಕೊ ಕಿವಿ ಕೆರೆದುಕೊಂಡ. "ಬಾಂಬಿನ ಮಾತು ಮೇಲಿನವರು ಮಾತಾಡಬೇಕಮ್ಮ. ನಾನು ಬಾಯಿಬಿಟ್ಟರೆ ಲೆಕ್ಕ ಮುಚ್ಚಿಟ್ರಿ ಅಂತ ಅವರು ಎಗರಿಬೀಳ್ತಾರೆ. ಈಗಷ್ಟೇ ಒಬ್ಬರನ್ನೊಬ್ಬರು ನಂಬ್ತಾ ಇದೀವಿ."

"ಹೇಳ್ತೀರೋ ಇಲ್ಲವೋ?"

"ಹೇಳ್ತೀನಿ, ಹೇಳ್ತೀನಿ. ನೀನು ಮನೆಗೆ ಹೋಗು."

ಅವಳು ಆ ಮಾತು ನಂಬಿ ಬಂದಳು. ಅಣ್ಣನಿಗೆ ಗೊತ್ತಾಯಿತು, ಅವ್ವನಿಗೂ ಗೊತ್ತಾಗುತ್ತೆ ಅಂತ ಆ ವಾರ ಹೊಟ್ಟೆತುಂಬ ಉಂಡಳು ಕೂಡ.

ರಹದಾರಿ ಬರಲೇ ಇಲ್ಲ. ಈಚೆ ಇಳಿಜಾರು ಚೊಕ್ಕವಾಗುವ ಹೊತ್ತಿಗೆ ಮತ್ತೆರಡು ಮಳೆಗಾಲ ಕಳೆದಿತ್ತು. ಎರಡೂ ದೇಶದವರು ಕೂಡಿಯೇ ತೆಗೆದರು, ಬಾವುಟ ಹಾರಿಸಿದರು, ಭಾಷಣ ಬಿಗಿದರು. ಸುವಾನುವಾ ಭಾಷಣಕ್ಕೆ ನಿಲ್ಲದೆ ಗುಡ್ಡ ಹತ್ತಿದಳು.

ತವರಿನ ತಿರುವಿನಲ್ಲಿ ನಿಂತು ಕೂಗಿದಳು. ಅಂಕುವಾಶ್ ಓಗೊಡಲಿಲ್ಲ, ತಾನೇ ದಾರಿಗೆ ಇಳಿದು ಬಂದ. ಮನೆಗೆ ಬಾ ಅನ್ನಲಿಲ್ಲ. ಅತ್ತಿಗೆ ಗಂಜಿಯ ಬೋಗುಣಿ ತರಲಿಲ್ಲ.

"ಅವ್ವ?" ಅಂದಳು.

"ನಾನು ನಿನ್ನ ಹತ್ರ ಬಂದಿದ್ನಲ್ಲ, ಆ ತಿಂಗಳೇ ಹೋದ್ಲು. ಎಷ್ಟು ಕೂಗಿದೆ ಗೊತ್ತಾ? ಎರಡು ದಿನ ಬಿಟ್ಟು ನಮ್ಮ ಚೌಕಿಯವರು ಬಂದು, ನಿನ್ನ ತಂಗಿ ಬರಬೇಡ ಅಂದಿದಾಳೆ ಅಂದ್ರು."

"ಅಷ್ಟೇ ಅಂದ್ರಾ?"

"ಅಷ್ಟೇ. ಅವ್ವನ ಮುಂದೇನೇ ಅಂದ್ರು."

ಸುವಾನುವಾ ದಾರಿಯಲ್ಲೇ ಕೂತು ಎಲ್ಲ ಹೇಳಿದಳು. ನಾಂತಿಪ್‌ನ ಕಾಲು, ನಕಾಶೆಯಲ್ಲಿಲ್ಲದ ಬಾಂಬು, ಬಾಯಿಗೆ ತುರುಕಿಕೊಂಡ ಬಟ್ಟೆ, ಹವಾಲ್ದಾರನಿಗೆ ಹೇಳಿ ಕಳಿಸಿದ ಮಾತು. ಅಂಕುವಾಶ್ ಪೂರ್ತಿ ಕೇಳಿದ. ಕೊನೆಗೆ ಅವಳ ಪಕ್ಕ ಮಣ್ಣಿನಲ್ಲೇ ಕುಕ್ಕರಿಸಿದ.

"ನಾನೇನು ತಪ್ಪು ಮಾಡಿದ್ನೋ ಆ ಮಗೂಗೆ ಅಂತ ಅವ್ವ ಸಾಯೋವರೆಗೂ ಕೇಳ್ತಾನೇ ಇದ್ಲು," ಅಂದ. "ನನಗೇನೋ ಈಗ ಗೊತ್ತಾಯ್ತು. ಅವ್ವನಿಗೆ ಯಾರು ಹೇಳೋದು?"