ಹೋಬರ್ಟನ ಪ್ರಸಂಗ ಅಳಿಸಿಹೋದದ್ದು

ಅಮೆರಿಕದ ಕೆಂಟಕಿಯ ಬೀಚ್ ಕ್ರೀಕ್ ಕಣಿವೆಯ ಕ್ರೈಸ್ತ ರೇಡಿಯೋ ಕೇಂದ್ರ ಹುಟ್ಟಿದ್ದು ಹಳೆಯ ಕೋಳಿಗೂಡಿನಲ್ಲಿ. ಎಷ್ಟು ತೊಳೆದರೂ ಮಳೆಗಾಲದಲ್ಲಿ ಕೋಳಿವಾಸನೆ ಮೂಗಿಗೆ ಬಡಿಯುತ್ತಿತ್ತು. ಫೋನ್ ಎತ್ತಲೆಂದು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದ ವರ್ಲೀನ್, ನೋಡನೋಡುತ್ತ ಇಡೀ ರೇಡಿಯೋವನ್ನೇ ತಲೆಯ ಮೇಲೆ ಹೊತ್ತಳು. ಕಾಯಿಲೆಯವರ ಹೆಸರು ಓದಿ ಪ್ರಾರ್ಥನೆ ಕೇಳುವವಳು ಅವಳೇ, ಸ್ವಿಚ್ ಒತ್ತುವವಳೂ ಅವಳೇ. ಪ್ರಸಾರಕ್ಕೆ ಪರವಾನಗಿ ಇದ್ದದ್ದು ಹಗಲಿಗೆ ಮಾತ್ರ. ಡಿಸೆಂಬರಿನಲ್ಲಿ, ದೇವರ ವಾಕ್ಯ ಬೋಧಿಸುವ ಪ್ರಸಂಗಿ ಪಾಪಿಗಳನ್ನು ನರಕದ ಬಾಗಿಲಿಗೆ ತಂದು ನಿಲ್ಲಿಸುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. ವರ್ಲೀನ್ ಮುಲಾಜಿಲ್ಲದೆ ಆರಿಸುತ್ತಿದ್ದಳು. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಅವಳಿಗೆ ಬಹಳ ಇಷ್ಟವಾದ ಪ್ರಸಂಗಿ ಬ್ರದರ್ ಹೋಬರ್ಟ್. ಆರು ದಿನ ಕಲ್ಲಿದ್ದಲ ಗಣಿ, ಏಳನೆಯ ದಿನ ಮೈಕು. ಎದೆಯಲ್ಲಿ ಗಣಿಧೂಳು ಕಟ್ಟಿ, ಎರಡು ಮಾತಿಗೊಮ್ಮೆ ಕೆಮ್ಮು. ಈಗ ಉಪಗ್ರಹದಿಂದ ಇಳಿಯುವ ಪ್ರಸಂಗಗಳಲ್ಲಿ ಯಾರೂ ಕೆಮ್ಮುವುದಿಲ್ಲ, ಉಪ್ಪಿಲ್ಲದ ಊಟ.

ಹೋಬರ್ಟ್ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ, ಅವನ ಹೆಂಡತಿ ಓಸಿಗೆ ಡಾಕ್ಟರು ಈ ಕ್ರಿಸ್‌ಮಸ್ ಕಾಣುವುದು ಕಷ್ಟ ಎಂದರು. ಗಂಡನ ಕೊನೆಯ ಪ್ರಸಂಗವನ್ನು ಒಮ್ಮೆ ಕೇಳಿಸು ಎಂದು ಅವಳು ವರ್ಲೀನ್‌ಗೆ ಎರಡು ಸಲ ಫೋನ್ ಮಾಡಿದಳು. ಹುಡುಕುತ್ತಿದ್ದೇನೆ ಎಂದು ವರ್ಲೀನ್ ಎರಡು ಸಲವೂ ಸಾಗಹಾಕಿದಳು. ಮೂರನೆಯ ಸಲ, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿಯೊಂದಿಗೆ ಮುದುಕಿಯೇ ಬಂದಳು.

"ಸಿಕ್ತೇನೇ ಮಗಳೇ?"

"ಸಿಸ್ಟರ್ ಓಸಿ, ನಾನು ಸುಳ್ಳು ಹೇಳ್ದೆ. ಹುಡುಕೋಕೆ ಏನೂ ಇಲ್ಲ. ಆಗ ಹೊಸ ಟೇಪಿಗೆ ಗತಿಯಿರ್ಲಿಲ್ಲ, ಒಂದರ ಮೇಲೊಂದು ತುಂಬ್ತಿದ್ವಿ. ಅವರ ಪ್ರಸಂಗದ ಮೇಲೆ ನಾನೇ ಬಿತ್ತನೆ ಆಲೂಗಡ್ಡೆ ಜಾಹೀರಾತು ತುಂಬಿಬಿಟ್ಟೆ."

ಓಸಿ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟಳು.

"ಆಲೂಗಡ್ಡೆನಾ?"

"ಹೂಂ."

"ಮೊಳಕೆಯಾದ್ರೂ ಬಂತೇನೇ?" ಎಂದು ಮುದುಕಿ ನಕ್ಕಳು. ನಗುತ್ತಲೇ ಅತ್ತಳು. ವರ್ಲೀನ್‌ಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಕಣ್ಣೊರೆಸಿಕೊಂಡು ಓಸಿ ಕುರ್ಚಿ ಎಳೆದಳು. "ಊರಿಗೆ ಭಾನುವಾರ ಅರ್ಧ ಗಂಟೆ ಹೇಳ್ದ. ನನಗೆ ಶನಿವಾರ ರಾತ್ರಿಯಿಡೀ ಹೇಳಿದ್ದ, ಒಲೆ ಮುಂದೆ ನಿಂತ್ಕೊಂಡು. ಬೀನ್ಸ್ ಸೀದುಹೋದ್ರೂ ಬಿಡ್ಲಿಲ್ಲ ಪುಣ್ಯಾತ್ಮ. ಆ ಮೈಕು ಈ ಕಡೆ ತಿರುಗ್ಸು."

"ನಿಮ್ಮ ಚರ್ಚಿನ ಸಭೇಲಿ ಹೆಂಗಸರು ಪ್ರಸಂಗ ಮಾಡೋ ಹಾಗಿಲ್ವಲ್ಲ. ಹಿರಿಯರು ಕೇಳಿಸ್ಕೊಂಡ್ರೆ?"

"ನಾನೆಲ್ಲಿ ಮಾಡ್ತೀನೇ? ಮಾಡೋದು ಅವನು. ಕೇಳಿಸ್ಕೊಳ್ಳೋರು ಕೇಳಿಸ್ಕೊಳ್ಳಲಿ."

ವರ್ಲೀನ್ ಹೊಸ ಕ್ಯಾಸೆಟ್ ಹಾಕಿ, ಪ್ರಸಾರವಾಗುತ್ತಿದ್ದ ಹಾಡು ನಿಲ್ಲಿಸಿ, ಮೈಕು ತೆರೆದಳು. ಓಸಿ ಕಣ್ಣು ಮುಚ್ಚಿ ಶುರುಮಾಡಿದಳು. ಕಳೆದುಹೋದ ಕುರಿ, ಅದನ್ನು ಹುಡುಕಿ ಹೊರಟ ಕುರುಬ. ಹೋಬರ್ಟ್ ಉಸಿರಿಗೆ ನಿಲ್ಲುತ್ತಿದ್ದಲ್ಲಿ ನಿಂತಳು, ಕೆಮ್ಮುತ್ತಿದ್ದಲ್ಲಿ ಕೆಮ್ಮಿದಳು. ಮೇಜಿನ ಮೇಲೆ ಅವನು ಕುಟ್ಟುತ್ತಿದ್ದ ಜಾಗ ಬಂದಾಗ ಮುದಿ ಮುಷ್ಟಿಯೂ ಕುಟ್ಟಿತು. ವರ್ಲೀನ್ ಬಿಕ್ಕುವುದು ಮೈಕಿಗೆ ಕೇಳಿಸದಿರಲೆಂದು ಸೆರಗಿಲ್ಲದವಳು ಬಾಯಿಗೆ ತೋಳನ್ನೇ ಒತ್ತಿ ಹಿಡಿದಳು.

ಮುಗಿದ ಮೇಲೆ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಕೇಳಿಸಿದಳು. ಓಸಿ ಕಿವಿಯನ್ನು ಸ್ಪೀಕರ್ ಪೆಟ್ಟಿಗೆಗೆ ತಾಗಿಸಿ ಕೂತಳು. ಮೊದಲ ಕೆಮ್ಮು ಬಂದಾಗ, "ಅವನೇ" ಎಂದಳು.

ಅವಳು ಹೊರಟುಹೋದ ಮೇಲೆ ವರ್ಲೀನ್ ಕ್ಯಾಸೆಟ್ ಹೊರತೆಗೆದು ಹೋಬರ್ಟನ ಹೆಸರು ಬರೆದಳು. ಅದರ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಚಾಕುವಿನ ತುದಿಯಿಂದ ಮುರಿದಳು. ಇನ್ನು ಅದರ ಮೇಲೆ ಅವಳೂ ಏನನ್ನೂ ತುಂಬುವಂತಿರಲಿಲ್ಲ.