ಕಂಬದೊಳಗಿನ ಕೈ

ನಾನು ಭೌತಶಾಸ್ತ್ರ ಓದಿದವನು, ಅರಸೀಕೆರೆಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುವವನು. ಯಾರಾದರೂ ‘ಕಣ್ಣಾರೆ ಕಂಡೆ’ ಎಂದು ಪವಾಡ ಹೇಳಲು ಹೊರಟರೆ ಎದ್ದು ಹೋಗುತ್ತಿದ್ದೆ. ಈಗ ಅಂಥದ್ದೇ ಒಂದನ್ನು ಬರೆಯಲು ಕೂತಿದ್ದೇನೆ. ನೀವೂ ಎದ್ದು ಹೋದರೆ ತಪ್ಪು ತಿಳಿಯುವುದಿಲ್ಲ. ಅದರಲ್ಲೂ ಆಗ ನಾನು ಕುಡಿತದಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದೆ. ಅಂಥವನ ಕಣ್ಣಿಗೂ ನೆನಪಿಗೂ ಎಷ್ಟು ಬೆಲೆ ಕೊಡಬೇಕೋ ನನಗೇ ಗೊತ್ತಿಲ್ಲ.

ಮೂರು ವರ್ಷದ ಹಿಂದಿನ ಒಂದು ಭಾನುವಾರದ ಮಾತು. ಎರಡು ತಿಂಗಳು ಬಿಟ್ಟಿದ್ದವನು ಮತ್ತೆ ಒಂದು ವಾರ ಕುಡಿದಿದ್ದೆ. ‘ಇನ್ನೊಂದ್ ಸಲ ಕುಡಿದ್ರೆ ನಾವು ವಾಪಸ್ ಬರಲ್ಲ ಕಣ್ರೀ’ ಎಂದು ಹೇಳಿ ಹೆಂಡತಿ ಮಗಳನ್ನು ಕರೆದುಕೊಂಡು ಬಾಣಾವರದ ತವರಿಗೆ ಹೋಗಿದ್ದಳು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಕುಡಿಯದೆ ಅಂದಿಗೆ ಮೂರನೆಯ ದಿನ. ಕೈ ವಿಪರೀತ ನಡುಗುತ್ತಿತ್ತು. ಆ ನಡುಕ ಹೊಸದಲ್ಲ. ಹಿಂದೊಮ್ಮೆ ಬೋರ್ಡಿನ ಮೇಲೆ ಗೆರೆ ಎಳೆದಾಗ ಹಿಂದಿನ ಬೆಂಚಿನಿಂದ ‘ಸರ್ ಇಸಿಜಿ ತೆಗೀತಿದಾರೆ ಕಣೋ’ ಎಂದು ಕೇಳಿಸಿತ್ತು.

ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಸಭೆಯಲ್ಲಿ ನನಗೆ ಶಿವಣ್ಣನವರ ಪರಿಚಯವಾಗಿತ್ತು. ಕೊಬ್ಬರಿ ವ್ಯಾಪಾರಿ, ಬಿಟ್ಟು ಹನ್ನೆರಡು ವರ್ಷವಾದವರು. ‘ನಮಗಿಂತ ದೊಡ್ಡದೊಂದು ಇದೆ ಎಂದುಕೊಳ್ಳಿ’ ಎಂದು ಸಭೆಯಲ್ಲಿ ಯಾರೋ ಹೇಳಿದಾಗ ನಾನು ‘ಎಷ್ಟು ಕೆಜಿ?’ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ. ಶಿವಣ್ಣ ಮಾತ್ರ ನಗಲಿಲ್ಲ. ‘ನಿಮ್ ಬಾಟ್ಲಿಗಿಂತ ಒಂದ್ ಗುಂಜಿ ಜಾಸ್ತಿ ತೂಗಿದ್ರೆ ಸಾಕು ಮೇಷ್ಟ್ರೇ’ ಎಂದಿದ್ದರು.

ಆ ಭಾನುವಾರ ಹಳೇಬೀಡಿನ ತಂಗಿಯ ಮನೆಗೆ ಹೊರಟಿದ್ದ ಅವರು, ನನ್ನನ್ನು ಒಬ್ಬನೇ ಬಿಡಬಾರದೆಂದು ಜೊತೆಗೆ ಎಳೆದುಕೊಂಡು ಹೋದರು. ನನ್ನ ಪ್ಯಾಂಟಿನ ಜೇಬಿನಲ್ಲಿ ವಿಸ್ಕಿಯ ಪ್ಯಾಕೆಟ್ಟೊಂದಿತ್ತು. ಊಟವಾದ ಮೇಲೆ ‘ಇಲ್ಲೇ ಪಕ್ಕದ ಬಸ್ತಿಹಳ್ಳಿಯ ಬಸದಿ ನೋಡಿ ಬರುತ್ತೇನೆ’ ಎಂದೆ. ಅದರ ಹಿಂಭಾಗದಲ್ಲಿ ಜನ ಇರುವುದಿಲ್ಲ ಎಂಬುದಷ್ಟೇ ನನ್ನ ಲೆಕ್ಕ. ಆದರೆ ಶಿವಣ್ಣನವರೂ ಹಿಂದೆಯೇ ಬಂದು ಹೊರಗೆ ಮರದ ನೆರಳಲ್ಲಿ ಕೂತರು. ಅವರ ಕಣ್ಣೆದುರು ಹಿಂದಕ್ಕೆ ಹೋಗುವಂತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಗೆ ಕನ್ನಡಿಯಷ್ಟು ನುಣುಪಾದ ಕರಿಕಲ್ಲಿನ ಕಂಬಗಳಿವೆ. ಅಲ್ಲಿದ್ದ ಅಜ್ಜ ಬಂದವರನ್ನೆಲ್ಲ ಕಂಬದೆದುರು ನಿಲ್ಲಿಸಿ ಬಿಂಬ ತೋರಿಸುತ್ತಿದ್ದ. ‘ಇಲ್ಲಿ ನಿಂತ್ಕಳಿ ಸಾ, ಕೈ ಮುಂದಕ್ ಚಾಚಿ’ ಎಂದ. ಚಾಚಿದೆ. ಕಣ್ಣ ಮುಂದೆ ನನ್ನ ಕೈಗಳು ಅದುರುತ್ತಿದ್ದವು. ಕಂಬದೊಳಗಿನ ಕೈಗಳು ಅಲುಗದೆ ನಿಂತಿದ್ದವು.

ತಲೆ ಅಲ್ಲಾಡಿಸಿದೆ, ಕಂಬದೊಳಗಿನ ತಲೆಯೂ ಅಲ್ಲಾಡಿತು. ಬೆರಳು ಮಡಿಸಿದೆ, ಅಲ್ಲೂ ಮಡಚಿಕೊಂಡವು. ಬಿಡಿಸಿದೆ. ಇಲ್ಲಿ ನಡುಕ, ಅಲ್ಲಿ ಇಲ್ಲ. ಹೆದರಿಕೆಯಾಗಲಿಲ್ಲ. ನನ್ನ ಕೈಗಳನ್ನು ಯಾರೋ ನನಗೋಸ್ಕರ ಜೋಪಾನ ಮಾಡಿ ಇಟ್ಟಿದ್ದಾರೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಆಗಲೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ.

‘ಬಂದೋರೆಲ್ಲ ಮಕ ನೋಡ್ಕಂತಾರೆ, ನೀವೇನ್ ಸಾ, ಕೈ ನೋಡ್ತಾ ನಿಂತ್ಬಿಟ್ರಿ?’ ಎಂದ ಅಜ್ಜ. ಕಂಬದಲ್ಲಿ ನನ್ನ ಕೈ ನಡುಗುತ್ತಿತ್ತೇ ಎಂದು ಕೇಳಿದೆ. ‘ನಿಮ್ ಕೈ ನಡುಗ್ತಿದ್ದಿದ್ ಕಂಡೆ. ಕಂಬದಾಗೇನಿತ್ತೋ, ಅದು ಎದುರಿಗ್ ನಿಂತೋರಿಗೇ ಕಾಣಾದು.’

ಹೊರಗೆ ಬಂದು ಪ್ಯಾಕೆಟ್ ತೆಗೆದು ಶಿವಣ್ಣನವರ ಮುಂದೆ ಹಿಡಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ‘ಜೇಬು ಉಬ್ಬಿರಾದು ಅರಸೀಕೆರೆಲೇ ಕಂಡಿತ್ತು. ನನ್ ಕೈಗೆ ಮಾತ್ರ ಕೊಡಬ್ಯಾಡಿ ಮೇಷ್ಟ್ರೇ, ನನ್ನೂ ನಂಬಂಗಿಲ್ಲ. ನೀವೇ ಸುರೀರಿ.’ ಸುರಿದೆ. ನಡುಕಕ್ಕೆ ಅರ್ಧ ಮಣ್ಣಿಗೆ, ಅರ್ಧ ನನ್ನ ಚಪ್ಪಲಿಗೆ. ಒಂದು ತೊಟ್ಟೂ ಕುಡಿಯದೆ, ಬಸ್ಸಿನ ತುಂಬ ನಾತ ಹೊಡೆಸುತ್ತಾ ಅರಸೀಕೆರೆಗೆ ಬಂದೆ. ಪಕ್ಕದ ಸೀಟಿನ ಹೆಂಗಸು ‘ಥೂ, ಹಗಲೊತ್ತಲ್ಲೇ’ ಎಂದು ಎದ್ದು ಹೋದಳು. ಶಿವಣ್ಣ ದಾರಿಯುದ್ದಕ್ಕೂ ನಗುತ್ತಿದ್ದರು.

ಕಾರಣಗಳು ನನಗೆ ಗೊತ್ತಿಲ್ಲದೆ ಇಲ್ಲ. ಕಂಬದ ಮೈ ಬಾಗಿರುವುದರಿಂದ ಬಿಂಬ ಕಿರಿದಾಗುತ್ತದೆ, ನಡುಕ ಕಾಣದೆ ಹೋಗಬಹುದು. ಬಿಸಿಲಿನಿಂದ ಒಳಗೆ ಬಂದ ಕಣ್ಣು. ಮಾತ್ರೆಯ ಮಂಪರು. ಆದರೆ ಬೆರಳಿನ ಉಂಗುರ ಕಾಣುವಷ್ಟು ಸ್ಪಷ್ಟವಾಗಿತ್ತು ಎಂದು ನನ್ನ ನೆನಪು. ಅಂದಿನ ಡೈರಿಯಲ್ಲಿ ಇರುವುದು ಒಂದೇ ಸಾಲು: ‘ಕಂಬದಲ್ಲಿ ನಡುಗಲಿಲ್ಲ.’ ಅಕ್ಷರಗಳು ಎಷ್ಟು ಸೊಟ್ಟಗಿವೆಯೆಂದರೆ ನನ್ನ ಕೈ ನಡುಗುತ್ತಿದ್ದುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೊಂದಕ್ಕೆ ಸಾಕ್ಷಿಯೇ ಇಲ್ಲ.

ಅಂದಿನಿಂದ ಕುಡಿದಿಲ್ಲ. ಕಳೆದ ತಿಂಗಳು ಹೆಂಡತಿ, ಮಗಳ ಜೊತೆ ಮತ್ತೆ ಬಸದಿಗೆ ಹೋಗಿದ್ದೆ. ಅದೇ ಕಂಬದೆದುರು ಕೈ ಚಾಚಿದೆ. ಇಲ್ಲೂ ನಡುಗಲಿಲ್ಲ, ಅಲ್ಲೂ ನಡುಗಲಿಲ್ಲ. ‘ಏನಪ್ಪಾ ಅಷ್ಟೊತ್ತಿಂದ ನೋಡ್ತಿದೀಯ?’ ಎಂದಳು ಮಗಳು. ಅಂದು ಕಂಡದ್ದು ನಿಜವೇ ಎಂದು ಪರೀಕ್ಷಿಸಲು ನಡುಗುವ ಕೈ ಬೇಕು. ಅದನ್ನು ಪಡೆಯುವ ದಾರಿ ನನಗೆ ಚೆನ್ನಾಗಿ ಗೊತ್ತು. ಪ್ರಯೋಗ ಮಾಡದೆ ಯಾವುದನ್ನೂ ಒಪ್ಪದ ನಾನು ಈ ಒಂದು ಪ್ರಯೋಗವನ್ನು ಮಾಡದೆ ಉಳಿಸಿಕೊಂಡಿದ್ದೇನೆ, ಒಂದೊಂದು ದಿನವಾಗಿ.